ಉದ್ದನೆಯ ವಿಜ್ಞಾನ ಲೇಖನಕ್ಕೆ ಕತ್ತರಿ ಹಾಕುವಾಗ

ಪತ್ರಿಕೆಯಲ್ಲಿ ಜಾಗ ಇರುವುದು 1,200 ಪದಗಳಿಗೆ, ಬಂದಿರುವ ಲೇಖನ 3,000 ಪದಗಳದ್ದು. ಬರೆದವರು ವಿಷಯ ಬಲ್ಲವರು, ಲೇಖನದಲ್ಲಿ ತಪ್ಪೇನೂ ಇಲ್ಲ, ಉದ್ದವೊಂದೇ ತೊಂದರೆ. ಇಂಥದ್ದನ್ನು ಕೈಗೆತ್ತಿಕೊಂಡ ಸಂಪಾದಕರು ಹೆಚ್ಚಾಗಿ ಎರಡು ತಪ್ಪು ಮಾಡುತ್ತಾರೆ. ಕೆಲವರು ಬಾಲ ಕತ್ತರಿಸಿ ಹಾಕುತ್ತಾರೆ, ಕೆಲವರು ಅಲ್ಲೊಂದು ಇಲ್ಲೊಂದು ಪದ ಕೀಳುತ್ತಾ ಹೋಗುತ್ತಾರೆ. ಮೊದಲನೆಯದರಲ್ಲಿ ಪ್ರಯೋಗದ ಮಿತಿಗಳು ಹಾರಿಹೋಗುತ್ತವೆ, ಏಕೆಂದರೆ ಲೇಖಕರು ಅವನ್ನು ಸಾಮಾನ್ಯವಾಗಿ ಕೊನೆಗೇ ಬರೆದಿರುತ್ತಾರೆ. ಎರಡನೆಯದರಲ್ಲಿ ‘ಸುಮಾರು’, ‘ಇರಬಹುದು’, ‘ಇಲಿಗಳಲ್ಲಿ’ ಎನ್ನುವಂಥ ಸಣ್ಣ ಪದಗಳು ಉದುರುತ್ತವೆ. ವಿಜ್ಞಾನದ ಬರಹದಲ್ಲಿ ಸತ್ಯ ಕೂತಿರುವುದೇ ಆ ಸಣ್ಣ ಪದಗಳಲ್ಲಿ.

ಪದಗಳ ಲೆಕ್ಕದ ಬಗ್ಗೆ ಮೊದಲೇ ಒಂದು ಮಾತು. ಇಂಗ್ಲಿಷಿನ ಮಿತಿಯನ್ನು ಕನ್ನಡಕ್ಕೆ ಹಾಗೇ ಹೊಂದಿಸಬೇಡಿ. ‘ಮನೆಯೊಳಗಿದ್ದವರಿಗೂ’ ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅಷ್ಟನ್ನು ಹೇಳಲು ಆರೇಳು ಪದ ಬೇಕು. ಒಂದು ಮಾದರಿ ಪುಟ ಹಾಕಿಸಿ ನೋಡಿ, ಚಿತ್ರ ಬಿಟ್ಟು ಎಷ್ಟು ಪದ ಹಿಡಿಯುತ್ತದೆ ಎಂದು ಎಣಿಸಿ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬಂದ ಕಡತವಾದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿವೆಯೇ ನೋಡಿ, ಆಮೇಲೆ ಎಣಿಸಿ. ಮೂಲ ಕಡತದ ಒಂದು ಪ್ರತಿ ಮುಟ್ಟದೆ ಬೇರೆ ಇಟ್ಟಿರಿ.

ಮೊದಲ ಓದಿಗೆ ಪೆನ್ನು ಬೇಡ. ಕೂತು ಪೂರ್ತಿ ಓದಿ, ಮುಗಿದ ಮೇಲೆ ‘ಈ ಲೇಖನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?’ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಬರೆಯಲು ಆಗದಿದ್ದರೆ ಒಳಗೆ ಎರಡು ಲೇಖನಗಳಿವೆ ಎಂದೇ ಅರ್ಥ. ಸಿಡಿಲಿನ ಬಗ್ಗೆ ಬಂದ ಬರಹವನ್ನೇ ತೆಗೆದುಕೊಳ್ಳಿ. ಮೋಡದಲ್ಲಿ ಧನ, ಋಣ ವಿದ್ಯುದಾವೇಶಗಳು ಹೇಗೆ ಬೇರೆಯಾಗುತ್ತವೆ ಎಂಬುದು ಒಂದು ಲೇಖನ, ಸಿಡಿಲು ಬಡಿಯದಂತೆ ಏನು ಮಾಡಬೇಕು ಎಂಬುದು ಇನ್ನೊಂದು. ಎರಡನ್ನೂ ಹಿಂಡಿ ಒಂದು ಪುಟಕ್ಕೆ ತುರುಕಿದರೆ ಎರಡೂ ಕೆಡುತ್ತವೆ.

ಅಳತೆ ಮೀರಿದ್ದು ಅರ್ಧದಷ್ಟಾದರೆ, ಅಂದರೆ 1,200ರ ಜಾಗಕ್ಕೆ 1,800 ಬಂದಿದ್ದರೆ, ಸಂಪಾದಕರೇ ಇಳಿಸಬಹುದು. ಎರಡು ಪಟ್ಟು ದಾಟಿದ್ದರೆ ನೀವು ಕೈ ಹಾಕಬೇಡಿ. ಎರಡು ಕಂತು ಮಾಡಿ, ಇಲ್ಲವೇ ಯಾವ ಭಾಗ ಉಳಿಯಬೇಕೆಂದು ಗುರುತು ಮಾಡಿ ಲೇಖಕರಿಂದಲೇ ಬರೆಸಿ. ಅಷ್ಟು ಕತ್ತರಿಸಿದ ಮೇಲೆ ಉಳಿಯುವುದು ನಿಮ್ಮ ಲೇಖನ, ಹೆಸರು ಮಾತ್ರ ಅವರದು. ಅದು ನ್ಯಾಯವಲ್ಲ.

ಇನ್ನು ಕೆಲಸಕ್ಕೆ. ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಮಾಡುತ್ತಿದೆ ಎಂದು ಮೂರು ನಾಲ್ಕು ಪದಗಳಲ್ಲಿ ಬರೆಯಿರಿ: ‘ಪೀಠಿಕೆ’, ‘ಇತಿಹಾಸ’, ‘ಕಾರಣ’, ‘ಮತ್ತೆ ಅದೇ ಕಾರಣ’, ‘ಎಚ್ಚರಿಕೆ’. ಈ ಪಟ್ಟಿ ಕಣ್ಣ ಮುಂದಿದ್ದರೆ ಕೊಬ್ಬು ಎಲ್ಲಿದೆ ಎಂದು ತಾನೇ ತೋರುತ್ತದೆ. ಕನ್ನಡದ ವಿಜ್ಞಾನ ಲೇಖನಗಳಲ್ಲಿ ಅದು ಹೆಚ್ಚಾಗಿ ಮೊದಲ ಎರಡು ಮೂರು ಪ್ಯಾರಾಗಳಲ್ಲೇ ಇರುತ್ತದೆ. ಇದು ವಿಜ್ಞಾನಯುಗ ಎಂಬ ಮಾತು, ಪದದ ಗ್ರೀಕ್ ಮೂಲ, ವಿಜ್ಞಾನಿ ಹುಟ್ಟಿದ ಊರು, ಬಂದ ಪ್ರಶಸ್ತಿಗಳು. ಇವನ್ನು ತೆಗೆದರೆ ಓದುಗನಿಗೆ ಏನೂ ನಷ್ಟವಿಲ್ಲ. ಆದರೆ ತೆಗೆಯುವ ಮುಂಚೆ ಒಂದನ್ನು ನೋಡಿ: ಪಾರಿಭಾಷಿಕ ಪದದ ವಿವರಣೆ ಆ ಪ್ಯಾರಾದಲ್ಲೇ ಅಡಗಿದ್ದರೆ ಅದನ್ನು ಎತ್ತಿ, ಆ ಪದ ಈಗ ಮೊದಲು ಬರುವಲ್ಲಿ ಕೂರಿಸಬೇಕು. ಪೀಠಿಕೆಯ ಜೊತೆಗೆ ‘ವಿದ್ಯುದಾವೇಶ’ದ ಅರ್ಥವೂ ಹೋಗಿಬಿಟ್ಟರೆ ಎಂಟನೇ ತರಗತಿಯ ಓದುಗ ಅಲ್ಲಿಗೇ ನಿಲ್ಲುತ್ತಾನೆ. ಒಂದೇ ವಸ್ತುವಿಗೆ ಒಂದು ಕಡೆ ‘ವಿದ್ಯುದಾವೇಶ’, ಇನ್ನೊಂದು ಕಡೆ ‘ಚಾರ್ಜ್’ ಎಂದಿದ್ದರೆ ಯಾವುದಾದರೂ ಒಂದನ್ನೇ ಉಳಿಸಿ.

ಪ್ಯಾರಾಗಳು ಮುಗಿದ ಮೇಲೆ ವಾಕ್ಯಕ್ಕೆ ಬನ್ನಿ. ನಮ್ಮ ಗದ್ಯದಲ್ಲಿ ತೂಕ ಹೆಚ್ಚಿಸುವುದು ‘ಎಣಿಕೆ ಮಾಡುವುದರ ಮೂಲಕ’, ‘ಎಂಬುದಾಗಿ ಹೇಳಬಹುದಾಗಿದೆ’, ‘ಎಂಬುದು ತಿಳಿದ ವಿಷಯವಾಗಿದೆ’ ಎನ್ನುವಂಥ ಬಾಲಗಳು. ಒಂದು ಮಾದರಿ ನೋಡಿ:

“ಮಿಂಚಿನ ಬೆಳಕು ಕಂಡ ನಂತರ ಗುಡುಗಿನ ಶಬ್ದವು ಕೇಳಿಸುವವರೆಗಿನ ಸಮಯವನ್ನು ಸೆಕೆಂಡುಗಳಲ್ಲಿ ಎಣಿಕೆ ಮಾಡುವುದರ ಮೂಲಕ ಸಿಡಿಲು ಎಷ್ಟು ದೂರದಲ್ಲಿ ಬಿದ್ದಿದೆ ಎಂಬುದನ್ನು ಸುಮಾರಾಗಿ ಅಂದಾಜು ಮಾಡಬಹುದಾಗಿರುತ್ತದೆ. ಏಕೆಂದರೆ ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರಿನಷ್ಟು ವೇಗದಲ್ಲಿ ಚಲಿಸುತ್ತದೆ. ಆದರೆ ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರಿನಷ್ಟು ವೇಗದಲ್ಲಿ ಮಾತ್ರವೇ ಚಲಿಸುತ್ತದೆ ಎಂಬುದು ನಮಗೆಲ್ಲರಿಗೂ ತಿಳಿದಿರುವ ವಿಷಯವಾಗಿದೆ.”

ಇಳಿಸಿದ ಮೇಲೆ:

“ಮಿಂಚು ಕಂಡ ಕೂಡಲೇ ಎಣಿಸಿ. ಬೆಳಕು ಕ್ಷಣದಲ್ಲೇ ಬರುತ್ತದೆ, ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಗುಡುಗಿಗೆ ಮೂರು ಸೆಕೆಂಡು ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ.”

43 ಪದ ಇದ್ದದ್ದು 24 ಆಯಿತು. ‘ಸುಮಾರು’ ಎರಡು ಕಡೆಯೂ ಉಳಿದಿದೆ, ‘ಗಾಳಿಯಲ್ಲಿ’ ಉಳಿದಿದೆ, ಏಕಮಾನ ಉಳಿದಿದೆ. ನೀರಿನಲ್ಲಿ ಶಬ್ದ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗವಾಗಿ ಹೋಗುತ್ತದಾದ್ದರಿಂದ ‘ಗಾಳಿಯಲ್ಲಿ’ ಎಂಬ ಒಂದು ಪದ ತೆಗೆದರೂ ವಾಕ್ಯ ಸುಳ್ಳಾಗುತ್ತದೆ. ಮೂರು ಲಕ್ಷ ಕಿಲೋಮೀಟರ್ ಎಂಬ ಅಂಕಿ ಹೋಯಿತು ನಿಜ, ಆದರೆ ಇಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಬದಲಿಗೆ ಓದುಗ ಅಂಗಳದಲ್ಲಿ ನಿಂತು ಮಾಡಬಹುದಾದ ಲೆಕ್ಕವೊಂದು ಬಂತು.

ಮುಟ್ಟಲೇಬಾರದ್ದು ಕಾರಣ. ಕತ್ತರಿ ಹಿಡಿದಾಗ ‘ಏಕೆಂದರೆ’ ಎಂದು ಶುರುವಾಗುವ ವಾಕ್ಯಗಳು ವಿವರಣೆಯಂತೆ ಕಾಣುವುದರಿಂದ ಮೊದಲು ಬಲಿಯಾಗುತ್ತವೆ. “ಸಿಡಿಲಿನ ಹೊತ್ತಿಗೆ ಕಾರಿನೊಳಗಿದ್ದರೆ ಸುರಕ್ಷಿತ” ಎಂದಷ್ಟೇ ಉಳಿಸಿದಿರಿ ಎಂದುಕೊಳ್ಳಿ. ರಬ್ಬರ್ ಚಕ್ರ ಕಾಪಾಡುತ್ತದೆ ಎಂದು ಓದುಗ ತಾನೇ ಕಾರಣ ಕಟ್ಟಿಕೊಳ್ಳುತ್ತಾನೆ. ಆಗ ಬೈಕೂ ಸುರಕ್ಷಿತ, ಆಟೋವೂ ಸುರಕ್ಷಿತ, ರಬ್ಬರ್ ಚಪ್ಪಲಿ ಹಾಕಿಕೊಂಡು ಗದ್ದೆಯಲ್ಲಿ ನಿಂತವನೂ ಸುರಕ್ಷಿತ. ನಿಜವಾದ ಕಾರಣ ಸುತ್ತಲೂ ಮುಚ್ಚಿರುವ ಲೋಹದ ಮೈ: ವಿದ್ಯುತ್ತು ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಕ್ಯಾನ್ವಾಸ್ ಹೊದಿಸಿದ ಆಟೋಗೆ ಆ ರಕ್ಷಣೆ ಇಲ್ಲ. ಈ ಎರಡು ವಾಕ್ಯ ಉಳಿಸಲು ಬೇರೆ ಯಾವ ಪ್ಯಾರಾವನ್ನಾದರೂ ಬಿಟ್ಟುಕೊಡಿ. ಸುರಕ್ಷತೆಯ ಸೂಚನೆಗಳಲ್ಲೂ ಹೀಗೇ. ಮಿಂಚು ಗುಡುಗಿನ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳಗೆ ಹೋಗಿ ಎಂಬುದು ಅರ್ಧ ಮಾತ್ರ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ ಎಂಬುದು ಉಳಿದರ್ಧ. ಜಾಗ ಸಾಲದೆಂದು ಎರಡನೆಯದನ್ನು ಬಿಟ್ಟರೆ ಮಳೆ ನಿಂತ ಕೂಡಲೇ ಹೊಲಕ್ಕೆ ಹೊರಟವರಿಗೆ ನಾವು ತಪ್ಪು ಹೇಳಿದಂತೆ.

ಚಿಕ್ಕದಾದರೆ ಕಾರಣಗಳಿಗೆ ಜಾಗ ಸಿಗದು ಎನ್ನುವವರು ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಮಾರ್ಚ್ 31ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯನ್ನು ನೋಡಬೇಕು. ರಾಮನ್‌ಗೆ ನೊಬೆಲ್ ತಂದುಕೊಟ್ಟ ‘ರಾಮನ್ ಪರಿಣಾಮ’ದ, ಅಂದರೆ ವಸ್ತುವಿನಲ್ಲಿ ಚದುರಿದ ಬೆಳಕಿನ ಒಂದು ಪಾಲು ಬಣ್ಣ ಬದಲಿಸುವುದರ, ಮೊದಲ ವರದಿ ಅದು. ಸುಮಾರು 60 ದ್ರವಗಳನ್ನು ಪರೀಕ್ಷಿಸಿದ್ದಾಗಿ ಹೇಳಿದ್ದಲ್ಲದೆ, ಕಂಡದ್ದು ಪ್ರತಿದೀಪ್ತಿಯಲ್ಲ (ವಸ್ತು ಬೆಳಕನ್ನು ಹೀರಿ ತಾನೇ ಬೇರೆ ಬಣ್ಣದ ಬೆಳಕು ಬೀರುವುದಲ್ಲ), ಚದುರುವಿಕೆಯೇ ಎನ್ನಲು ಎರಡು ಕಾರಣಗಳನ್ನೂ ಅವರು ಕೊಟ್ಟರು: ಸಾಮಾನ್ಯ ಚದುರುವಿಕೆಗೆ ಹೋಲಿಸಿದರೆ ಅದು ಬಹಳ ಕ್ಷೀಣ, ಜೊತೆಗೆ ಅದಕ್ಕೆ ಧ್ರುವೀಕರಣವಿದೆ, ಅಂದರೆ ಆ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಅಷ್ಟು ಚಿಕ್ಕ ಜಾಗದಲ್ಲೂ ‘ಬೇರೆ ಏನೋ ಆಗಿರಬಹುದಲ್ಲ?’ ಎಂಬ ಪ್ರಶ್ನೆಗೆ ಉತ್ತರವಿತ್ತು.

ಅಂಕಿಗಳಿಗೆ ಪ್ರತ್ಯೇಕವಾಗಿ ಒಂದು ಸಲ ಓದಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ಭೂಮಿಯ ವಯಸ್ಸು 4.54 ಬಿಲಿಯನ್ ವರ್ಷ ಎಂದಿದ್ದರೆ ಅದು 454 ಕೋಟಿ, 45.4 ಕೋಟಿಯಲ್ಲ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ‘9 ಡಿಗ್ರಿ ಏರಿಕೆ’ ಎಂದಿದ್ದರೆ ಸೆಲ್ಸಿಯಸ್‌ನಲ್ಲಿ 5 ಡಿಗ್ರಿ ಏರಿಕೆ. ವ್ಯತ್ಯಾಸವನ್ನು ಬದಲಿಸುವಾಗ 32 ಕಳೆಯುವ ಹಾಗಿಲ್ಲ. ಎಲ್ಲಕ್ಕಿಂತ ಕಳ್ಳ ತಪ್ಪು ನಕಲು ಮಾಡಿ ಅಂಟಿಸುವಾಗ ಆಗುವುದು. ಮೇಲೆ ಬರೆದ ಘಾತಾಂಕ ಕೆಳಗಿಳಿದು 10⁸ ಎಂಬುದು 108 ಆಗಿಬಿಡುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದಷ್ಟು ‘10 ಕೋಟಿ’ ಎಂದೇ ಬರೆಯಿರಿ.

ಕತ್ತರಿಸಿ ಆದ ಮೇಲೆ ಬೆಸುಗೆಗಳನ್ನು ಪರೀಕ್ಷಿಸಬೇಕು. ‘ಇದು’, ‘ಅದು’, ‘ಆದ್ದರಿಂದ’, ‘ಹೀಗಾಗಿ’, ‘ಮೇಲೆ ಹೇಳಿದಂತೆ’, ‘ಚಿತ್ರ 2ರಲ್ಲಿ’ ಇವನ್ನು ಒಂದೊಂದಾಗಿ ಕಡತದಲ್ಲಿ ಹುಡುಕಿ, ಪ್ರತಿಯೊಂದಕ್ಕೂ ಬೆರಳಿಟ್ಟು ಯಾವುದು ಎಂದು ಕೇಳಿಕೊಳ್ಳಿ. ‘ಆದ್ದರಿಂದ’ ನಿಂತಿದೆ, ಅದರ ಹಿಂದಿನ ಕಾರಣ ಹೋಗಿದೆ ಎಂಬುದು ಸಾಮಾನ್ಯವಾಗಿ ಆಗುವ ಅವಘಡ. ಆಮೇಲೆ ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ.

ಲೇಖಕರಿಗೆ ಕಳಿಸುವಾಗ ‘ಸರಿಯಿದೆಯಾ ಸರ್?’ ಎಂದು ಕೇಳಿದರೆ ‘ಸರಿಯಿದೆ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ ತೆಗೆದ ಭಾಗಗಳ ಪಟ್ಟಿ ಕೊಟ್ಟು ಮೂರು ನಾಲ್ಕು ಖಚಿತ ಪ್ರಶ್ನೆ ಕೇಳಿ: ‘ಎರಡನೇ ಪ್ಯಾರಾದಲ್ಲಿ ಕಾರಣ ಸರಿಯಾಗಿ ಉಳಿದಿದೆಯೇ? 340 ಎಂಬುದು ಸುಮಾರು 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ತಾನೇ?’ ಎರಡು ಮೂರು ದಿನ ಕೊಡಿ. ಅವರು ಏನನ್ನಾದರೂ ಮರಳಿ ಸೇರಿಸಿ ಎಂದರೆ ಅಷ್ಟೇ ಪದಗಳಷ್ಟು ಬೇರೆ ಯಾವುದನ್ನು ಬಿಡಬಹುದೆಂದು ಅವರನ್ನೇ ಕೇಳಿ. ಶೀರ್ಷಿಕೆ ಮತ್ತು ಚಿತ್ರದ ಕೆಳಗಿನ ಸಾಲನ್ನು ಎಲ್ಲಕ್ಕಿಂತ ಕೊನೆಗೆ ನೋಡಿ, ಅವು ಹಳೆಯ ಉದ್ದ ಲೇಖನಕ್ಕೆ ಬರೆದವು. ಲೇಖನದಲ್ಲಿ ಈಗ ಇಲ್ಲದ ವಿಷಯ ಶೀರ್ಷಿಕೆಯಲ್ಲಿ ಉಳಿದಿದ್ದರೆ ಶೀರ್ಷಿಕೆ ಬದಲಿಸಿ, ಅದನ್ನೂ ಲೇಖಕರಿಗೆ ತೋರಿಸಿಯೇ ಅಚ್ಚಿಗೆ ಕಳಿಸಿ.