ಪಾರ್ಸೆಲ್ ಗಾಡಿಯನ್ನು ಹೆದ್ದಾರಿಯಲ್ಲಿ ನಿಲ್ಲಿಸಬೇಡಿ

ಕೊಪ್ಪಳ, ಗಿಣಿಗೇರಿ ಕಡೆ ರಾಷ್ಟ್ರೀಯ ಹೆದ್ದಾರಿ 67ರ ಅಂಚಿನಲ್ಲಿ ಮನೆಯಿರುವವರಿಗೆ ಒಂದು ವಿನಂತಿ: ಪಾರ್ಸೆಲ್ ಗಾಡಿಯನ್ನು ಒಳರಸ್ತೆಗೆ ಕರೆಯಿರಿ. ನಿನ್ನೆ ಸಂಜೆ ಡಾಂಬರಿನ ಮೇಲೆಯೇ ನಿಂತಿದ್ದ ವ್ಯಾನನ್ನು ತಪ್ಪಿಸಲು ಅದಿರು ಲಾರಿಯೊಂದು ಬಲಕ್ಕೆ ಸರಿಯಿತು. ಎದುರಿನಿಂದ ಬಂದ ಬೈಕಿನ ಹುಡುಗ ಮಣ್ಣಿಗಿಳಿದು ಬಿದ್ದ. ಅವನ ಒಂದು ಚಪ್ಪಲಿ ರಸ್ತೆಯ ನಡುವೆಯೇ ಉಳಿದಿತ್ತು. ಪುಣ್ಯಕ್ಕೆ ಮೊಣಕೈ ಮಾತ್ರ ತರಚಿತು. ನನ್ನ ಎದೆ ಇನ್ನೂ ಝಲ್ಲೆನ್ನುತ್ತಿದೆ.

ವಿಳಾಸದಲ್ಲಿ ಓಣಿಯ ಗುಡಿಯನ್ನೋ ನೀರಿನ ಟ್ಯಾಂಕನ್ನೋ ಗುರುತಾಗಿ ಬರೆಯಿರಿ. ವಾರದ ಸಾಮಾನನ್ನು ಒಂದೇ ಸಲ ತರಿಸಿಕೊಳ್ಳಿ. ಬೈಕಿನವರು ಲಾರಿಯ ಎಡಮಗ್ಗುಲಲ್ಲಿ ನುಗ್ಗಲೇಬಾರದು; ಬಲಗಡೆ ಕುಳಿತ ಚಾಲಕನಿಗೆ ಆ ಭಾಗ ಸರಿಯಾಗಿ ಕಾಣುವುದಿಲ್ಲ. ಅಪಘಾತ ಕಂಡರೆ 112ಕ್ಕೆ ಕರೆ ಮಾಡಿ. ಹೆದರಬೇಡಿ, ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ.