ಮೊಣಕಾಲು ನೀಡಿದರೆ ಒಂದು ಸ್ನಾಯು, ಮಡಚಿದರೆ ಇನ್ನೊಂದು: ಪಾದದ ಬಲ ಅಳೆಯುವ ಕ್ರಮ

ಕೇಸ್ ಶೀಟಿನಲ್ಲಿ ‘ಪ್ಲಾಂಟಾರ್ ಫ್ಲೆಕ್ಷನ್ 4/5’ (ಪಾದವನ್ನು ಕೆಳಕ್ಕೆ ಬಾಗಿಸುವ ಬಲ, 5ಕ್ಕೆ 4ನೇ ಗ್ರೇಡ್) ಎಂದಷ್ಟೇ ಬರೆದಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ರೋಗಿ ಮಲಗಿದ್ದರೋ ನಿಂತಿದ್ದರೋ, ಮೊಣಕಾಲು ನೇರವಾಗಿತ್ತೋ ಮಡಚಿತ್ತೋ ಎಂಬುದು ಗೊತ್ತಾಗದೆ ಮುಂದಿನ ವಾರದ ಅಳತೆಯನ್ನು ಇದರ ಜೊತೆ ಹೋಲಿಸಲು ಬರುವುದಿಲ್ಲ.

ಮೀನಖಂಡದಿಂದಲೇ ಶುರು ಮಾಡೋಣ, ಹೆಚ್ಚು ತಪ್ಪಾಗುವುದು ಅಲ್ಲೇ. ಮೇಲ್ಪದರದ ಗ್ಯಾಸ್ಟ್ರೊಕ್ನೀಮಿಯಸ್ ತೊಡೆ ಮೂಳೆಯಿಂದ ಹೊರಟು ಮೊಣಕಾಲು, ಪಾದದ ಗಂಟು ಎರಡನ್ನೂ ದಾಟುತ್ತದೆ. ಅದರಡಿಯ ಸೋಲಿಯಸ್ ಮೊಣಕಾಲಿನ ಕೆಳಗೇ ಹುಟ್ಟುತ್ತದೆ. ಮೊಣಕಾಲು ಮಡಚಿದಾಗ ಗ್ಯಾಸ್ಟ್ರೊಕ್ನೀಮಿಯಸ್ ಸಡಿಲಾಗಿ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಕೆಲಸ ಬಹುಪಾಲು ಸೋಲಿಯಸ್ ಮೇಲೆ ಬೀಳುತ್ತದೆ. ಆದ್ದರಿಂದ ಎರಡೂ ಸ್ಥಿತಿಯಲ್ಲಿ ನೋಡಿ. ಮೊದಲು ರೋಗಿಯನ್ನು ಕವುಚಿ ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗಿರಲಿ, ಮೊಣಕಾಲು ನೇರ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೊಣಕಾಲಿನಿಂದ ದೂರಕ್ಕೆ ಎಳೆಯುತ್ತ, ಮುಂಗೈಯಿಂದ ಅಂಗಾಲನ್ನು ಒತ್ತಿ. ಬೆರಳುಗಳ ಮೇಲೆ ಮಾತ್ರ ಒತ್ತಿದರೆ ಬೆರಳು ಮಡಚುವ ಸ್ನಾಯುಗಳೇ ತಡೆದು ನಿಲ್ಲುತ್ತವೆ, ಮೀನಖಂಡ ಬಲವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಬಳಿಕ ಮೊಣಕಾಲನ್ನು 90° ಮಡಚಿಸಿ, ಅಂಗಾಲು ಮಾಡಿನ ಕಡೆ ನೋಡುವಂತಿರಲಿ. ಹಿಮ್ಮಡಿಯನ್ನು ಮೇಲಕ್ಕೆ, ಪಾದದ ಮುಂಭಾಗವನ್ನು ಕೆಳಕ್ಕೆ ತಳ್ಳಿ ನೋಡಿ. ನೇರವಾಗಿದ್ದಾಗ ಸೋತು, ಮಡಚಿದಾಗ ಎರಡೂ ಕಾಲು ಸಮವೆನಿಸಿದರೆ ಗ್ಯಾಸ್ಟ್ರೊಕ್ನೀಮಿಯಸ್ ಕಡೆ ಗಮನ ಕೊಡಿ.

ಆದರೆ ಮಂಚದ ಮೇಲಿನ ಈ ಪರೀಕ್ಷೆ ಇಷ್ಟಕ್ಕೇ ಸಾಲದು. ಪಾದದ ತೂಕ ದೇಹತೂಕದ ಸುಮಾರು 1.5% ಮಾತ್ರ, 60 ಕಿಲೋ ಮನುಷ್ಯನಲ್ಲಿ 900 ಗ್ರಾಂ. ನಡೆಯುವಾಗ ಮೀನಖಂಡ ಎತ್ತಬೇಕಾದದ್ದು ಇಡೀ ದೇಹವನ್ನು. ಕಂಬಳದ ಕೆಸರಿನಲ್ಲಿ ಕೋಣದ ಹಿಂದೆ ಓಡುವವನ ಮೀನಖಂಡವನ್ನು ಕೈಯಿಂದ ಒತ್ತಿ ಸೋಲಿಸುತ್ತೇನೆಂದು ಹೊರಟರೆ ಸೋಲುವುದು ನಮ್ಮ ಕೈ. ನಿಲ್ಲಲು ಸಾಧ್ಯವಿದ್ದವರಿಗೆ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿಸಲೇಬೇಕು. ಹೆಚ್ಚು ಬಳಕೆಯಲ್ಲಿರುವ ಲೆಕ್ಕದಲ್ಲಿ 25 ಸಲ ಪೂರ್ತಿ ಎತ್ತಿದರೆ ಗ್ರೇಡ್ 5, 2ರಿಂದ 24 ಸಲವಾದರೆ 4, ಒಂದೇ ಸಲವಾದರೆ 3. ವಯಸ್ಸಾದವರಲ್ಲಿ 25 ಎಂಬುದು ಕಠಿಣ ಗುರಿ, ಇನ್ನೊಂದು ಕಾಲಿನ ಎಣಿಕೆಯನ್ನೂ ಪಕ್ಕದಲ್ಲೇ ಬರೆಯಿರಿ. ಗೋಡೆಗೆ ಎರಡು ಬೆರಳ ತುದಿ ತಾಗಿದರೆ ಸಾಕು, ಅಂಗೈ ಊರಿದರೆ ಭಾರ ಕೈಗೆ ಹೋಗುತ್ತದೆ. ಮೊಣಕಾಲು ಬಗ್ಗಿದಾಗ, ಮೈ ಮುಂದಕ್ಕೆ ಬಾಗಿದಾಗ, ಹಿಮ್ಮಡಿ ಮೊದಲಿನ ಎತ್ತರಕ್ಕೆ ಏರದಿದ್ದಾಗ ಎಣಿಕೆ ನಿಲ್ಲಿಸಿ. ಹಿಂದಿನಿಂದಲೂ ಒಮ್ಮೆ ನೋಡಿ: ಎತ್ತುವಾಗ ಹಿಮ್ಮಡಿ ಒಳಕ್ಕೆ ತಿರುಗಬೇಕು, ತಿರುಗದಿದ್ದರೆ ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯು ಟಿಬಿಯಾಲಿಸ್ ಪೋಸ್ಟೀರಿಯರ್ ದುರ್ಬಲವಾಗಿರಬಹುದು. ಮಳೆಗಾಲದಲ್ಲಿ ನಮ್ಮೂರಿನ ರೆಡ್ ಆಕ್ಸೈಡ್ ನೆಲ ಬೆವರಿದಂತೆ ಒದ್ದೆಯಾಗಿರುತ್ತದೆ, ರಬ್ಬರ್ ಮ್ಯಾಟ್ ಹಾಸದೆ ಇದನ್ನು ಮಾಡಿಸಬೇಡಿ.

ಪಾದವನ್ನು ಮೇಲೆತ್ತುವ ಟಿಬಿಯಾಲಿಸ್ ಆಂಟೀರಿಯರ್‌ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ಜಾಗ್ರತೆ ಬೇಕು. ಕಾಲು ನೀಡಿ ಕೂತರೆ ಬಿಗಿಯಾದ ಮೀನಖಂಡವೇ ಪಾದವನ್ನು ಹಿಂದಕ್ಕೆ ಹಿಡಿಯುತ್ತದೆ, ಆ ಬಿಗಿತವನ್ನು ನಾವು ದೌರ್ಬಲ್ಯವೆಂದು ಬರೆದುಬಿಡುತ್ತೇವೆ. ಮಂಚದ ಅಂಚಿನಲ್ಲಿ ಮೊಣಕಾಲು ಮಡಚಿ ಕಾಲು ಇಳಿಬಿಟ್ಟು ಕೂರಿಸಿ. ಪಾದವನ್ನು ಮೇಲಕ್ಕೂ ಒಳಕ್ಕೂ ತರಿಸಿ, ಪಾದದ ಮೇಲ್ಭಾಗದ ಒಳಬದಿಯಲ್ಲಿ ಕೈಯಿಟ್ಟು ಕೆಳಕ್ಕೆ, ಹೊರಕ್ಕೆ ತಳ್ಳಿ. ಹೆಬ್ಬೆರಳು ಸೆಟೆದು ನಿಂತರೆ ಬೆರಳೆತ್ತುವ ಸ್ನಾಯು ಸಹಾಯಕ್ಕೆ ಬಂದಿದೆ ಎಂದರ್ಥ, ಬೆರಳು ಸಡಿಲ ಬಿಡಲು ಹೇಳಿ. ಹೇಳುವ ಮಾತೂ ಸರಿಯಿರಬೇಕು. ‘ಕಾಲು ಮೇಲೆ ಮಾಡಿ’ ಎಂದರೆ ರೋಗಿ ತೊಡೆಯನ್ನೇ ಎತ್ತುತ್ತಾರೆ. ತುಳುವಿನ ‘ಕಾರ್’ ಎಂಬುದಕ್ಕೂ ಇದೇ ಎರಡರ್ಥ. ‘ಅಮ್ಮಾ, ಹಿಮ್ಮಡಿ ಅಲ್ಲೇ ಇರಲಿ, ಪಾದ ಮಾತ್ರ ನಿಮ್ಮ ಮುಖದ ಕಡೆ ತನ್ನಿ’ ಎಂದು, ನಿಮ್ಮ ಕೈಯಿಂದ ಒಮ್ಮೆ ಮಾಡಿ ತೋರಿಸಿ.

ಪಾದವನ್ನು ಹೊರಕ್ಕೆ ತಿರುಗಿಸುವ ಪೆರೋನಿಯಸ್‌ಗೆ ಇನ್ನೊಂದು ಮಗ್ಗುಲಲ್ಲಿ ಮಲಗಿಸಿ ಕಿರುಬೆರಳಿನ ಹಿಂದಿನ ಅಂಚಿಗೆ ತಡೆ ಕೊಡಿ. ಒಳಕ್ಕೆ ತಿರುಗಿಸುವ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಟ್ಟು ನೋಡುವುದು ರೂಢಿ, ಇಲ್ಲದಿದ್ದರೆ ಟಿಬಿಯಾಲಿಸ್ ಆಂಟೀರಿಯರ್ ಜೊತೆಗೂಡುತ್ತದೆ.

ಪಾದ ಜೋತುಬಿದ್ದವರಲ್ಲಿ, ಅಂದರೆ ಪಾದವನ್ನು ಮೇಲೆತ್ತಲಾಗದವರಲ್ಲಿ ಮಾತ್ರ ಈ ರೂಢಿ ಬಿಡಬೇಕು. ಗಂಟೆಗಟ್ಟಲೆ ಚಕ್ಕಳಮಕ್ಕಳ ಕೂತು ಬೀಡಿ ಕಟ್ಟುವವರಲ್ಲಿ, ಕುಕ್ಕರಗಾಲಲ್ಲಿ ಕೆಲಸ ಮಾಡುವವರಲ್ಲಿ ಮೊಣಕಾಲಿನ ಹೊರಬದಿಯ ಪೆರೋನಿಯಲ್ ನರ ಒತ್ತಿಹೋಗಬಹುದು. ಸೊಂಟದ ಎಲ್5 ನರಮೂಲದ (ಬೆನ್ನುಹುರಿಯಿಂದ ಹೊರಡುವ ಸೊಂಟದ ಐದನೇ ನರದ ಬುಡದ) ತೊಂದರೆಯಿಂದಲೂ ಪಾದ ಜೋತುಬೀಳುತ್ತದೆ. ಎರಡನ್ನೂ ಬೇರ್ಪಡಿಸುವ ಒಳ್ಳೆಯ ಸುಳಿವು ಟಿಬಿಯಾಲಿಸ್ ಪೋಸ್ಟೀರಿಯರ್. ಅದಕ್ಕೆ ಎಲ್5 ಎಳೆ ಬರುವುದು ಟಿಬಿಯಲ್ ನರದ ಮೂಲಕ. ಹಾಗಾಗಿ ಪೆರೋನಿಯಲ್ ನರ ಮಾತ್ರ ಕೆಟ್ಟಿದ್ದರೆ ಅದರ ಬಲ ಉಳಿದಿರುತ್ತದೆ. ಆದರೆ ಜೋತುಬಿದ್ದ ಪಾದದಲ್ಲೇ ಪರೀಕ್ಷಿಸಿದರೆ ಆ ಸ್ನಾಯು ಸಡಿಲಾಗಿದ್ದು, ಇಲ್ಲದ ದೌರ್ಬಲ್ಯ ಕಾಣುತ್ತದೆ. ನಿಮ್ಮ ಕೈಯಿಂದಲೇ ಪಾದವನ್ನು 90°ಗೆ ಎತ್ತಿ ಹಿಡಿದು, ಆಮೇಲೆ ಒಳಕ್ಕೆ ತಿರುಗಿಸಲು ಹೇಳಿ.

ಬಲ ಅಳೆಯುವ ಉಪಕರಣ ಡೈನಮೋಮೀಟರ್ ಬಳಸುವುದಾದರೆ ಪ್ಯಾಡ್ ಪಾದಕ್ಕೆ ಲಂಬವಾಗಿರಲಿ, ಗಂಟಿನಿಂದ ಅದರ ದೂರವನ್ನು ಟೇಪಿನಲ್ಲಿ ಅಳೆಯಿರಿ. 10 ಸೆಂ.ಮೀ. ದೂರದಲ್ಲಿ 150 ನ್ಯೂಟನ್ ತೋರಿಸುವ ಬಲ 15 ಸೆಂ.ಮೀ. ದೂರದಲ್ಲಿ 100 ಮಾತ್ರ ತೋರಿಸುತ್ತದೆ, ಸ್ನಾಯು ಅದೇ ಆದರೂ. ಸೆಕೆಯಲ್ಲಿ ಬೆವರಿದ ಚರ್ಮದ ಮೇಲೆ ಪ್ಯಾಡ್ ಜಾರುತ್ತದೆ, ಒರೆಸಿಕೊಂಡೇ ಇಡಿ. ‘ಕವುಚಿ, ಮೊಣಕಾಲು 0°, ತಡೆ ಹಿಮ್ಮಡಿಗೆ’ ಎಂದು ಗ್ರೇಡಿನ ಮುಂದೆ ಬರೆಯಲು ಹತ್ತು ಸೆಕೆಂಡೂ ಬೇಡ.

ಮೀನಖಂಡ ಒಂದೇ ಕಡೆ ಊದಿ ಬಿಸಿಯಾಗಿದ್ದರೆ, ಹಿಮ್ಮಡಿಯ ಸ್ನಾಯುರಜ್ಜು ಹೊಲಿದು ಹೆಚ್ಚು ದಿನವಾಗಿರದಿದ್ದರೆ ಯಾವ ಸ್ಥಿತಿಯಲ್ಲೂ ಒತ್ತಿ ನೋಡಬೇಡಿ, ಮೊದಲು ವೈದ್ಯರಿಗೆ ತೋರಿಸಿ.