ಹ್ಯಾಚ್‌ಬ್ಯಾಕಿಗೆ 12 ಇಂಚಿನ ಸಬ್‌ವೂಫರ್: ವಾಟ್ ನಂಬದೆ, ವೈರ್ ನೋಡಿ ಹಾಕಿದ್ದು

ಡಬ್ಬದ ಮೇಲೆ ‘2000 ವಾಟ್’ ಎಂದು ದಪ್ಪಕ್ಷರದಲ್ಲಿದ್ದರೆ ನಾನು ಆಂಪ್ಲಿಫೈಯರನ್ನು ತಿರುಗಿಸಿ ಅದರ ಫ್ಯೂಸ್ ನೋಡುತ್ತೇನೆ. 30 ಆಂಪಿಯರಿನ ಒಂದೇ ಫ್ಯೂಸ್ ಇದೆಯೆನ್ನಿ. ಎಂಜಿನ್ ಓಡುತ್ತಿರುವಾಗ ಸಿಗುವ 13.8 ವೋಲ್ಟಿನಿಂದ ಗುಣಿಸಿದರೆ 414 ವಾಟ್. ಕ್ಲಾಸ್ ಎಬಿ ಆಂಪ್ ಅದರಲ್ಲಿ ಶೇ 60ರಷ್ಟನ್ನು ಸ್ಪೀಕರಿಗೆ ದಾಟಿಸಿದರೆ ಹೆಚ್ಚು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕೈಗೆ ಬರುವುದು 250 ವಾಟ್. ಚಿಕ್ಕ ಕಾರಿನೊಳಗೆ ಅದು ಧಾರಾಳ ಸಾಕು, 35 ಎಎಚ್ ಬ್ಯಾಟರಿಯೂ ತಡೆದುಕೊಳ್ಳುತ್ತದೆ. ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಕೊಳ್ಳುವಾಗಲೂ ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಸತತವಾಗಿ ತಾಳುವ ವಾಟಿನ ಅಂಕಿಯನ್ನೇ.

ಇಲ್ಲಿ ಹೇಳುತ್ತಿರುವುದು ಕಂಪನಿ ಸ್ಟೀರಿಯೊ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ, ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಹಾಕಿದ ವ್ಯವಸ್ಥೆ: ಎರಡು ಚಾನೆಲ್ಲಿನ ಆಂಪ್ ಬ್ರಿಡ್ಜ್ ಮಾಡಿ (ಎರಡೂ ಚಾನೆಲ್ಲನ್ನು ಒಂದಾಗಿ ಸೇರಿಸಿ), ಒಂದು 12 ಇಂಚಿನ ಸಬ್, ಮುಚ್ಚಿದ ಪೆಟ್ಟಿಗೆ. ಸಿಎನ್‌ಜಿ ಗಾಡಿಯಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಅಂಥವರು ಈ ಗೋಜಿಗೆ ಹೋಗದೆ ಆಂಪ್ ಒಳಗೇ ಇರುವ, ಸೀಟಿನಡಿಯ ಆಕ್ಟಿವ್ ಸಬ್ ತೊಗೊಳ್ಳುವುದೇ ವಾಸಿ.

ಕೊಳ್ಳುವಾಗ ಜನ ಎಡವುವುದು ಓಮ್ (ವಿದ್ಯುತ್ ತಡೆಯ ಅಳತೆ) ಲೆಕ್ಕದಲ್ಲಿ. ಪಯೋನೀರಿನ ಟಿಎಸ್-ಎ300ಎಸ್4 ಮತ್ತು ಟಿಎಸ್-ಎ300ಡಿ4 ನೋಡಲು ಒಂದೇ ಥರ, ಎರಡರ ಮೇಲೂ 1500 ವಾಟ್ ಎಂದಿದೆ, ಎರಡರ ಆರ್‌ಎಂಎಸ್ಸೂ 500. ಆದರೆ ‘ಎಸ್’ನಲ್ಲಿ 4 ಓಮಿನ ಒಂದು ಕಾಯಿಲ್, ‘ಡಿ’ಯಲ್ಲಿ 4 ಓಮಿನ ಎರಡು. ಬ್ರಿಡ್ಜ್ ಮಾಡಿದ ಆಂಪ್ ಸಾಮಾನ್ಯವಾಗಿ 4 ಓಮಿಗಿಂತ ಕೆಳಗೆ ಇಳಿಯಬಾರದು. ‘ಡಿ’ಯ ಎರಡು ಕಾಯಿಲನ್ನು ಪ್ಯಾರಲಲ್ ಕೊಟ್ಟರೆ 2 ಓಮ್ ಆಗಿ ಆಂಪ್ ಪ್ರೊಟೆಕ್ಷನ್‌ಗೆ ಹೋಗುತ್ತದೆ (ತಾನೇ ಬಂದ್ ಆಗುತ್ತದೆ), ಸೀರೀಸ್ ಕೊಟ್ಟರೆ 8 ಓಮ್, ಪವರ್ ಅರ್ಧಕ್ಕರ್ಧ ಹೋಯಿತು. ಎರಡು ಕಾಯಿಲಿನದೇ ಬೇಕೆಂದರೆ 2+2 ಓಮಿನದು ತಂದು ಸೀರೀಸ್ ಕೊಡಿ. ನಾನು ಹಾಕಿದ್ದು ಒಂದೇ ಕಾಯಿಲಿನದು.

ರೆಡಿಮೇಡ್ ಪೆಟ್ಟಿಗೆ ನನಗೆ ಸರಿಬರುವುದಿಲ್ಲ. ಅಗ್ಗದವುಗಳಲ್ಲಿ ತೆಳು ಪಾರ್ಟಿಕಲ್ ಬೋರ್ಡ್, ಒಳಗೆ ಅಂಟಿಗಿಂತ ಸ್ಟೇಪಲ್ ಪಿನ್ನೇ ಜಾಸ್ತಿ. 12 ಇಂಚಿನ ಸಬ್‌ಗಳಲ್ಲಿ ಬಹುತೇಕವಕ್ಕೆ ಮುಚ್ಚಿದ ಪೆಟ್ಟಿಗೆಯಲ್ಲಿ 28ರಿಂದ 35 ಲೀಟರ್ ಸಾಕು. ಜೊತೆಗೆ ಬರುವ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿ. 18 ಮಿಮೀ ದಪ್ಪದ ಹಲಗೆಯಲ್ಲಿ ಹೊರ ಅಳತೆ 42 × 36 × 34 ಸೆಂಮೀ ಇಟ್ಟರೆ ಒಳಗೆ 37.8 ಲೀಟರ್, ಸಬ್‌ನ ಹಿಂಭಾಗ ತಿನ್ನುವ ಜಾಗ ಕಳೆದು ಸುಮಾರು 35. ಕತ್ತರಿಸಬೇಕಾದದ್ದು: ಮುಂದೆ-ಹಿಂದೆ 42 × 36ರ ಎರಡು, ಮೇಲೆ-ಕೆಳಗೆ 42 × 30.4ರ ಎರಡು, ಅಕ್ಕಪಕ್ಕಕ್ಕೆ 32.4 × 30.4ರ ಎರಡು. ಕೂಡಿಸಿ ನೋಡಿದರೆ 4 × 2 ಅಡಿಯ ತುಂಡು ಸ್ವಲ್ಪದರಲ್ಲೇ ಸಾಲುವುದಿಲ್ಲ, 4 × 3 ಕೇಳಿ. ಪ್ಲೈವುಡ್ ಅಂಗಡಿಯ ಪ್ಯಾನಲ್ ಸಾ ಯಂತ್ರದಲ್ಲೇ ಕತ್ತರಿಸಿಕೊಂಡರೆ ಮೂಲೆ ನೇರ ಬರುತ್ತದೆ, ಕೈಗರಗಸಕ್ಕೆ ಇದು ಬಗ್ಗುವ ಕೆಲಸವಲ್ಲ.

ಹಲಗೆಗೆ ಎಲ್ಲರೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ್ದು) ಅನ್ನುತ್ತಾರೆ. ಬಯಲುಸೀಮೆಗೆ ಸರಿ. ಮಲೆನಾಡು, ಕರಾವಳಿಯಲ್ಲಿ ಒದ್ದೆ ಕೊಡೆ ಡಿಕ್ಕಿಗೆ ಎಸೆಯುವ ಮನೆಯಾದರೆ ಎಂಡಿಎಫ್ ಅಂಚು ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬುತ್ತದೆ. ಅಲ್ಲಿಗೆ ನೀರು ತಡೆಯುವ 710 ದರ್ಜೆಯ ಪ್ಲೈ. ಅಂಟಿನ ಜೊತೆ 40 ಮಿಮೀ ಸ್ಕ್ರೂ, ಮೊದಲು 2.5 ಮಿಮೀ ಬಿಟ್ಟಿನಲ್ಲಿ ತೂತು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಒಳಮೂಲೆಗಳಿಗೆ ಸಿಲಿಕೋನ್ ಹಾಕಿದ ಮೇಲೆ ಒಂದು ದಿನ ಹಾಗೇ ಬಿಡಿ. ಆ ಹುಳಿ ವಾಸನೆಯ ಆವಿ ಸಬ್‌ಗೆ ಒಳ್ಳೆಯದಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸುಮಾರು 300 ಗ್ರಾಂ ಸಡಿಲವಾಗಿ ಒಳಗೆ ಹಾಕಿದ್ದೇನೆ. ಗಾಳಿ ಸೋರಿಕೆ ನೋಡಲು ಊದುಬತ್ತಿಯೇ ಸಾಕು: ಕಡಿಮೆ ವಾಲ್ಯೂಮಿನಲ್ಲಿ 30 ಹರ್ಟ್ಸ್ ಟೋನ್ ಹಾಕಿ, ಕಡ್ಡಿಯನ್ನು ಸಂದುಗಳುದ್ದಕ್ಕೂ ಒಯ್ಯಿರಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲೇ ತೂತು.

ಇನ್ನು ವೈರ್. ನನ್ನ ಪ್ರಕಾರ ಬಜೆಟ್ ಸಬ್‌ಗಳು ಸೊರಗುವುದು ಇಲ್ಲೇ. ‘4 ಗೇಜ್ ಕಿಟ್’ ಎಂದು ಬರುವ ಅಗ್ಗದ ಕಟ್ಟುಗಳಲ್ಲಿ ದಪ್ಪವೆಲ್ಲ ಪ್ಲಾಸ್ಟಿಕ್ ಸಿಪ್ಪೆಯದು, ಒಳಗೆ ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ನಾನು ಅದರ ಬದಲು ಎಲೆಕ್ಟ್ರಿಕಲ್ ಅಂಗಡಿಯಿಂದ 10 ಚದರ ಮಿಮೀನ ತಾಮ್ರದ ಫ್ಲೆಕ್ಸಿಬಲ್ ವೈರ್ ತಂದೆ. 5 ಮೀಟರಿಗೆ 30 ಆಂಪಿಯರ್ ಹರಿದಾಗ ಅದರಲ್ಲಿ ಕಳೆಯುವುದು 0.3 ವೋಲ್ಟಿಗಿಂತ ಕಮ್ಮಿ. 4 ಚದರ ಮಿಮೀನದಾದರೆ 0.75 ವೋಲ್ಟಿನ ಹತ್ತಿರ ಹೋಗುತ್ತದೆ, ಅಲ್ಯುಮಿನಿಯಮ್ಮಿನದಾದರೆ ಇನ್ನೂ ಹೆಚ್ಚು. ಎಂಜಿನ್ ಕಡೆಯ ಭಾಗಕ್ಕೆ ಸೀಳಿದ ಕಾಂಡ್ಯುಟ್ ಕೊಳವೆ ಹೊದಿಸಬೇಕು. ಬ್ಯಾಟರಿಯಿಂದ 45 ಸೆಂಮೀ ಒಳಗೆ 40 ಆಂಪಿಯರ್ ಫ್ಯೂಸ್. ಆಂಪಿನಲ್ಲಿರುವ ಫ್ಯೂಸ್ ಆಂಪನ್ನಷ್ಟೇ ಕಾಯುತ್ತದೆ. ದಾರಿಯಲ್ಲಿ ವೈರ್ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಬೆಂಕಿ ತಪ್ಪಿಸುವುದು ಈ 40ರದೇ. ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಫೈರ್‌ವಾಲ್ ದಾಟಿಸುವಾಗ ಹಾರ್ನೆಸ್ಸಿನ ರಬ್ಬರ್ ಗ್ರೊಮೆಟ್ಟಿನ ಮೂಲಕವೇ ತೂರಿಸಿ, ಬರಿ ತಗಡಿನ ಅಂಚಿಗೆ ವೈರ್ ಸೋಕಕೂಡದು. ಲಗ್, ಫ್ಯೂಸ್ ಹೋಲ್ಡರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುತ್ತವೆ, ಕಿಟ್ ಬೇಕಾಗುವುದೇ ಇಲ್ಲ.

ಗ್ರೌಂಡಿಗೂ (ಆಂಪಿನ ಮೈನಸ್ಸನ್ನು ಕಾರಿನ ತಗಡಿಗೆ ಸೇರಿಸುವುದಕ್ಕೂ) ಅಷ್ಟೇ ದಪ್ಪದ ವೈರ್, ಅರ್ಧ ಮೀಟರಿಗಿಂತ ಉದ್ದ ಬೇಡ. ಬಣ್ಣ ಪೂರ್ತಿ ಕೆರೆದು ಹೊಳೆಯುವ ತಗಡಿಗೆ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಸೀಟ್‌ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಬೇಡಿ. ಹಿಂದಿನ ಸೀಟಿನ ಕೆಳಗೆ ಸ್ಕ್ರೂ ಹೊಡೆಯುವ ಯೋಚನೆಯಂತೂ ಬೇಡವೇ ಬೇಡ, ಆ ತಗಡಿನ ಅಡಿಗೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಎಂಜಿನ್ ರೇಸ್ ಮಾಡಿದಂತೆ ಸ್ಪೀಕರಿನಲ್ಲೂ ‘ಕುಂಯ್’ ಏರಿದರೆ ಹತ್ತಕ್ಕೆ ಎಂಟು ಸಲ ಗ್ರೌಂಡಿನ ದೋಷ. ಉಳಿದ ಸಲ ಸ್ಟೀರಿಯೊದಿಂದ ಆಂಪಿಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಪವರ್ ವೈರಿನ ಮಗ್ಗುಲಲ್ಲೇ ಮಲಗಿರುತ್ತದೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಲಿ.

ಕಂಪನಿ ಸ್ಟೀರಿಯೊದಲ್ಲಿ ಆರ್‌ಸಿಎ ಔಟ್‌ಪುಟ್ ಇರದಿದ್ದರೆ ಹಿಂದಿನ ಸ್ಪೀಕರ್ ವೈರಿನಿಂದ ಅದನ್ನು ಆಂಪಿಗೆ ತಕ್ಕಷ್ಟು ತಗ್ಗಿಸುವ ಹೈ-ಲೋ ಕನ್ವರ್ಟರ್ ಮೂಲಕ ಸಿಗ್ನಲ್ ತೆಗೆಯಬೇಕು. ಆ ವೈರನ್ನು ಕಾರಿನ ತಗಡಿಗೆ ಹೋಲಿಸಿ ಅಳೆದರೆ ಮೀಟರ್ 6 ವೋಲ್ಟಿನ ಸುತ್ತ ತೋರಿಸುತ್ತದೆ, ಗಾಬರಿ ಬೇಡ, ಅದು ಹಾಗೆಯೇ. ಹಾಗಿರುವುದರಿಂದಲೇ ಸ್ಪೀಕರಿನ ಮೈನಸ್ಸನ್ನು ಗ್ರೌಂಡಿಗೆ ಸೇರಿಸಿದರೆ ಸ್ಟೀರಿಯೊ ಹೋಗುತ್ತದೆ. ಆಂಪನ್ನು ಆನ್ ಮಾಡುವ ರಿಮೋಟ್ ವೈರನ್ನು ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿಗೆ ಕೊಡಿ. ಸದಾ ಲೈವ್ ಇರುವಲ್ಲಿ ಕೊಟ್ಟರೆ, ಆಂಪ್ ಸುಮ್ಮನೆ ಕೂತು 1 ಆಂಪಿಯರ್ ಕುಡಿದರೂ 35 ಎಎಚ್ ಬ್ಯಾಟರಿ ಒಂದೂವರೆ ದಿನಕ್ಕೆ ಬರಿದು.

ಸ್ಟೀರಿಯೊದ ಸಿಗ್ನಲಿಗೆ ಆಂಪನ್ನು ಹೊಂದಿಸುವ ಗೇನ್ ತಿರುಪನ್ನು ವಾಲ್ಯೂಮ್ ಅಂದುಕೊಂಡು ಪೂರ್ತಿ ತಿರುಗಿಸಿದರೆ ಕಾಯಿಲ್ ಸುಡುತ್ತದೆ. ಕಿವಿಯಿಂದ ಸೆಟ್ ಮಾಡಬೇಡಿ, ಹಳದಿ ಡಬ್ಬಿಯ ಡಿಟಿ830 ಮೀಟರ್ ಸಾಕು. ಸಬ್‌ನ ವೈರ್ ಕಳಚಿ, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಎಂಜಿನ್ ಓಡುತ್ತಿರಲಿ. 50 ಹರ್ಟ್ಸ್, 0 ಡಿಬಿ ಟೋನ್ ಹಾಕಿ ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ. ಮೀಟರನ್ನು 200 ವೋಲ್ಟ್ ಎಸಿಗೆ ಇಟ್ಟು ಆಂಪಿನ ಬ್ರಿಡ್ಜ್ ಟರ್ಮಿನಲ್ಲಿಗೆ ಹಿಡಿಯಿರಿ. ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಬರುತ್ತದೆ: 250 × 4 = 1000, ಅದರ ಮೂಲ 31.6. ನಾನು 30ಕ್ಕೆ ನಿಲ್ಲಿಸುತ್ತೇನೆ. ಮೇಲಿನ ಸ್ವರಗಳನ್ನು ತಡೆಯುವ ಲೋ-ಪಾಸ್ 80 ಹರ್ಟ್ಸ್. ಫೇಸ್ ಸ್ವಿಚ್ಚನ್ನು ಡ್ರೈವರ್ ಸೀಟಿನಲ್ಲಿ ಕೂತೇ, ಇನ್ನೊಬ್ಬರ ಕೈಲಿ 0 ಮತ್ತು 180ರ ನಡುವೆ ಬದಲಿ ಮಾಡಿಸಿ ಕೇಳಿ, ಬಾಸ್ ಯಾವುದರಲ್ಲಿ ತುಂಬಿ ಬರುತ್ತದೋ ಅದು.

ಪೆಟ್ಟಿಗೆ, ಸಬ್ ಸೇರಿ 15 ಕಿಲೋ ಆಗುತ್ತದೆ. ಜೋರು ಬ್ರೇಕಿಗೆ ಹಿಂದಿನ ಸೀಟಿನ ಬೆನ್ನಿಗೆ ಬಂದು ಬಡಿಯುವ ತೂಕ. ರ‍್ಯಾಚೆಟ್ ಬೆಲ್ಟಿನಿಂದ ಕಟ್ಟಿ.

ಕೊನೆಗೆ ಉಳಿಯುವುದು ಹಿಂಬಾಗಿಲಿನ ಗಡಗಡ. ಹೆಚ್ಚಿನ ಪಾಲು ನಂಬರ್ ಪ್ಲೇಟಿನದು. ಮುಂಚೆಲ್ಲ ಎರಡು ಸ್ಕ್ರೂ ಬಿಚ್ಚಿ ಹಿಂದೆ ಫೋಮ್ ಅಂಟಿಸುತ್ತಿದ್ದೆವು. ಈಗ ಎಚ್‌ಎಸ್‌ಆರ್‌ಪಿಯ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮತ್ತೆ ಕೂರುವುದಿಲ್ಲ. ಆದ್ದರಿಂದ 5 ಮಿಮೀನ ಫೋಮ್ ಪಟ್ಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ಲಾಸ್ಟಿಕ್ ಸ್ಕೇಲಿನಿಂದ ಪ್ಲೇಟಿನ ಹಿಂದಕ್ಕೆ ಅಂಚಿನಿಂದಲೇ ತಳ್ಳುತ್ತೇನೆ.